ಅಪ್ಪನ ಚಟ, ಅವ್ವನ ರಕ್ತ

ಗೋಕಾಕ ತಾಲ್ಲೂಕಿನ ಅಂಕಲಗಿಯಲ್ಲಿ ಬೆಳಗಿನ ಬಸ್ಸಿಗೆ ಕಾಯುವವರ ಕೈ ಸುಮ್ಮನಿರುವುದಿಲ್ಲ. ಧೋತರ ಉಟ್ಟ ಹಿರಿಯರೊಬ್ಬರು ಸೊಂಟದಿಂದ ಚಂಚಿ ತೆಗೆಯುತ್ತಾರೆ. ಎಡಗೈ ಅಂಗೈಗೆ ಒಂದು ಚಿಟಿಕೆ ತಂಬಾಕು, ಅದರ ಮೇಲೆ ಉಗುರಿನ ತುದಿಯಷ್ಟು ಸುಣ್ಣ. ಬಲಗೈ ಹೆಬ್ಬೆರಳಿನಿಂದ ಗಸಗಸ ತಿಕ್ಕಿ, ಎರಡು ಸಲ ಪಟಪಟ ಬಡಿದು ಧೂಳು ಹಾರಿಸಿ, ಕೆಳದುಟಿಯ ಒಳಗೆ ಒತ್ತಿಟ್ಟುಕೊಂಡರೆಂದರೆ ಬಸ್ಸು ತಡವಾದರೂ ಅವರಿಗೆ ಚಿಂತೆಯಿಲ್ಲ. ಹತ್ತು ಹೆಜ್ಜೆ ಆಚೆ ಬೈಕಿನ ಮೇಲೆ ಕುಳಿತ ಹುಡುಗ ಎರಡು ಪಾಕೀಟು ಹರಿದು, ಒಂದರೊಳಗೆ ಇನ್ನೊಂದನ್ನು ಸುರುವಿ ಕುಲುಕುತ್ತಿರುತ್ತಾನೆ. 2013ರ ಮೇ ಕೊನೆಯಲ್ಲಿ ಕರ್ನಾಟಕ ಸರ್ಕಾರ ಗುಟಖಾ ನಿಷೇಧಿಸಿದ ಮೇಲೆ ಮಾರುವವರು ಕಂಡುಕೊಂಡ ದಾರಿಯಿದು. ಪಾನ್ ಮಸಾಲೆಯ ಪಾಕೀಟು ಬೇರೆ, ತಂಬಾಕಿನ ಪಾಕೀಟು ಬೇರೆ. ಕೂಡಿಸುವ ಕೆಲಸ ಗಿರಾಕಿಯದು.

ಇಬ್ಬರೂ ಒಂದೇ ಮನೆಯವರಾಗಿದ್ದರೆ ಚಹಾದಂಗಡಿಯ ತೀರ್ಪು ಸಿದ್ಧವಾಗಿಯೇ ಇರುತ್ತದೆ: "ಅಪ್ಪ ಚಂಚಿ ಇಟಗೊಂಡಿದ್ದ, ಮಗಾ ಪಾಕೀಟ ಇಟಗೊಂಡಾನ. ರಕ್ತದಾಗ ಬಂದೈತಿ, ಬಿಡ್ರಿ." ಕುಡಿತಕ್ಕೂ ಇದೇ ಮಾತು. ಅಜ್ಜ ಕುಡಿದು ಹೊಲ ಕಳೆದ, ಅಪ್ಪ ಕುಡಿದು ಮನೆ ಕಳೆದ, ಇನ್ನು ಇವನೇನು ಉಳಿಸಿಯಾನು? ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲಿ ಹೋದರೂ ಈ ವಾಕ್ಯ ಕಿವಿಗೆ ಬೀಳುತ್ತದೆ. ಅದರಲ್ಲಿ "ರಕ್ತದಾಗ ಬಂದೈತಿ" ಎಂಬ ಮೊದಲರ್ಧವನ್ನು ವಿಜ್ಞಾನ ಬಹುಮಟ್ಟಿಗೆ ಒಪ್ಪುತ್ತದೆ. ತಕರಾರು ಇರುವುದು "ಬಿಡ್ರಿ" ಎಂಬ ಕೊನೆಯ ಪದದಲ್ಲಿ.

ಮೊದಲು ಆ ಹಿರಿಯರ ಅಂಗೈಗೆ ಮರಳೋಣ. ಸುಣ್ಣ ಅಲ್ಲಿ ರುಚಿಗಾಗಿ ಇಲ್ಲ. ತಂಬಾಕಿನೊಳಗಿನ ನಿಕೋಟಿನ್ ಸುಣ್ಣದ ಕ್ಷಾರ ತಗುಲಿದಾಗ ಬಿಡಿಯಾಗಿ, ಬಾಯಿಯ ತೆಳುಪೊರೆಯನ್ನು ಸಲೀಸಾಗಿ ದಾಟುತ್ತದೆ. ರಸಾಯನಶಾಸ್ತ್ರದ ಹೆಸರೇ ಕೇಳದ ಮುತ್ತಜ್ಜಂದಿರು ಅನುಭವದಿಂದಲೇ ಈ ಹದ ಹಿಡಿದಿದ್ದರು. ರಕ್ತಕ್ಕೆ ಬಂದ ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮೆದುಳು ತಲುಪಿ, ಅಲ್ಲಿ ತನಗೆಂದೇ ಇರುವಂತಹ ಗೂಡುಗಳಲ್ಲಿ ಕೂರುತ್ತದೆ. ಅತ್ತ ಪಿತ್ತಜನಕಾಂಗ ಅದನ್ನು ಮುರಿಯಲು ಶುರುಮಾಡುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಕೈ ಮತ್ತೆ ಚಂಚಿಯ ಕಡೆ ಹೋಗುತ್ತದೆ.

ಈ ಎರಡು ಕಡೆಯಲ್ಲೂ ವಂಶವಾಹಿಯ ಕೈವಾಡವಿದೆ. ಪಿತ್ತಜನಕಾಂಗದಲ್ಲಿ ನಿಕೋಟಿನ್ ಮುರಿಯುವ ಮುಖ್ಯ ಕಿಣ್ವದ ಹೆಸರು ಸಿವೈಪಿ2ಎ6. ಅದನ್ನು ತಯಾರಿಸುವ ಜೀನು ಕೆಲವರಲ್ಲಿ ಚುರುಕು, ಕೆಲವರಲ್ಲಿ ಮಂದ. ಚುರುಕಾಗಿದ್ದವರಲ್ಲಿ ನಿಕೋಟಿನ್ ಬೇಗ ಖಾಲಿಯಾಗುತ್ತದೆ, ಅವರು ಬೇಗಬೇಗ ಸೇದುತ್ತಾರೆ, ಬಿಡುವುದೂ ಅವರಿಗೆ ಹೆಚ್ಚು ಕಷ್ಟ. ಮಂದವಾಗಿದ್ದವರಿಗೆ ಒಂದೇ ಸಿಗರೇಟು ಹೆಚ್ಚು ಹೊತ್ತು ಸಾಕಾಗುತ್ತದೆ. ಮೆದುಳಿನ ಗೂಡಿನ ಒಂದು ಭಾಗವನ್ನು ಕಟ್ಟುವುದು ಸಿಎಚ್‌ಆರ್‌ಎನ್‌ಎ5 ಎಂಬ ಜೀನು. ನಿಕೋಟಿನ್ ಅತಿಯಾದಾಗ "ಸಾಕು, ಹೊಟ್ಟೆ ತೊಳಸುತ್ತಿದೆ" ಎಂದು ಹೇಳುವ ಮೆದುಳಿನ ಒಂದು ದಾರಿ ಈ ಗೂಡುಗಳ ಮೂಲಕ ಹಾದುಹೋಗುತ್ತದೆ. ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಆ "ಸಾಕು" ಎಂಬ ದನಿ ತಗ್ಗುತ್ತದೆ. ಬದಲಾದ ಪ್ರತಿಯೊಂದು ನಕಲಿಗೆ ದಿನಕ್ಕೆ ಸರಾಸರಿ ಒಂದು ಸಿಗರೇಟು ಹೆಚ್ಚು ಎಂದು ದೊಡ್ಡ ಅಧ್ಯಯನಗಳು ಲೆಕ್ಕ ಹಾಕಿವೆ.

ದಿನಕ್ಕೆ ಒಂದು. ಇಷ್ಟೇನಾ ಎನಿಸಬಹುದು. ಒಂಟಿ ಜೀನುಗಳ ಪೈಕಿ ಇದುವರೆಗೆ ಸಿಕ್ಕಿರುವ ದೊಡ್ಡ ಪ್ರಭಾವಗಳಲ್ಲಿ ಇದೂ ಒಂದು. ಉಳಿದವುಗಳಲ್ಲಿ ಬಹುಪಾಲು ಇದಕ್ಕಿಂತ ಚಿಕ್ಕವು.

"ಚಟದ ಜೀನು ಸಿಕ್ಕಿತು" ಎಂಬ ಸುದ್ದಿ ಮೊದಲ ಸಲ ಜೋರಾಗಿ ಹಬ್ಬಿದ್ದು 1990ರ ಏಪ್ರಿಲ್‌ನಲ್ಲಿ. ಕೆನ್ನೆತ್ ಬ್ಲಮ್ ಮತ್ತು ಅರ್ನೆಸ್ಟ್ ನೋಬಲ್ ಎಂಬ ಅಮೆರಿಕದ ಸಂಶೋಧಕರು ಮಿತಿಮೀರಿ ಕುಡಿಯುತ್ತಿದ್ದ 35 ಜನರ ಮತ್ತು ಕುಡಿತದ ಚಟವಿಲ್ಲದ 35 ಜನರ ಮೆದುಳಿನ ಮಾದರಿ ಪರೀಕ್ಷಿಸಿ, ಡೋಪಮಿನ್‌ಗೆ ಸಂಬಂಧಿಸಿದ ಒಂದು ಜೀನಿನತ್ತ ಬೆರಳು ತೋರಿಸಿದರು. ಪತ್ರಿಕೆಗಳು ಕುಣಿದಾಡಿದವು. ವರ್ಷ ಮುಗಿಯುವುದರೊಳಗೆ ಬೇರೊಂದು ತಂಡ ಪರೀಕ್ಷಿಸಿ ನೋಡಿದಾಗ ಆ ನಂಟು ಕಾಣಲಿಲ್ಲ. ಎಪ್ಪತ್ತು ಮಂದಿಯನ್ನು ನೋಡಿ ಮನುಷ್ಯಕುಲದ ಕುಡಿತವನ್ನು ಅಳೆಯಲು ಹೊರಟದ್ದೇ ತಪ್ಪಾಗಿತ್ತು. ಆ ಪಾಠ ಕಲಿಯಲು ವಿಜ್ಞಾನಕ್ಕೆ ಮೂರು ದಶಕ ಹಿಡಿಯಿತು. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಇದ್ದವರು ಸುಮಾರು 34 ಲಕ್ಷ ಜನ. ಧೂಮಪಾನ ಶುರುಮಾಡುವುದು, ಯಾವ ವಯಸ್ಸಿನಲ್ಲಿ ಶುರು, ದಿನಕ್ಕೆ ಎಷ್ಟು, ಬಿಟ್ಟರೋ ಇಲ್ಲವೋ, ವಾರಕ್ಕೆ ಎಷ್ಟು ಪೆಗ್ಗು ಎಂಬ ಐದು ಪ್ರಶ್ನೆಗಳಿಗೆ ನಂಟಾದ ಸುಮಾರು ನಾಲ್ಕು ಸಾವಿರ ವ್ಯತ್ಯಾಸಗಳು ಅದರಲ್ಲಿ ಸಿಕ್ಕವು. ಒಂದೊಂದೂ ಸಾಸಿವೆ ಕಾಳಿನಷ್ಟು. ಬೀಡಿ ಹಚ್ಚುವಂತೆ ಮಾಡುವ ಜೀನುಗಳೇ ಬೇರೆ, ಬಿಡದಂತೆ ಹಿಡಿದಿಡುವವೇ ಬೇರೆ, ಕೆಲವು ಮಾತ್ರ ಎರಡಕ್ಕೂ ಹೊಂದಿಕೊಂಡವು. ಆ 34 ಲಕ್ಷದಲ್ಲಿ ಐದನೇ ನಾಲ್ಕು ಭಾಗ ಯುರೋಪ್ ಮೂಲದವರು. ಅವರ ಮೇಲೆ ಕಟ್ಟಿದ ಲೆಕ್ಕ ಬೇರೆ ಮೂಲದವರಿಗೆ ಸರಿಯಾಗಿ ಕೂಡುವುದಿಲ್ಲ. ಎಂಜಲಿನ ಒಂದು ಹನಿ ಕಳಿಸಿದರೆ ನಿಮ್ಮ ಮಗನ ಚಟದ ಭವಿಷ್ಯ ಹೇಳುತ್ತೇವೆ ಎನ್ನುವ ಪರೀಕ್ಷೆಗೆ ಗೋಕಾಕದ ತಂದೆ ದುಡ್ಡು ಸುರಿಯುವುದಕ್ಕಿಂತ ಅದೇ ದುಡ್ಡಿಗೆ ಕರದಂಟು ಕೊಂಡುಕೊಳ್ಳುವುದು ಲೇಸು.

ಹಾಗಾದರೆ ವಂಶದ ಪಾಲು ಒಟ್ಟು ಎಷ್ಟು? ಕುಡಿತದ ಚಟಕ್ಕೆ ಸುಮಾರು ಅರ್ಧ ಎನ್ನುತ್ತವೆ ಅವಳಿಗಳ ಅಧ್ಯಯನಗಳು. ಈ "ಅರ್ಧ" ಎಂಬುದನ್ನು ಓದು ಬಲ್ಲವರೂ ತಪ್ಪಾಗಿ ತಿಳಿಯುತ್ತಾರೆ. ಒಬ್ಬನ ಕ್ವಾರ್ಟರಿನಲ್ಲಿ ಅರ್ಧ ಜೀನಿನದು, ಅರ್ಧ ಗೆಳೆಯರದು ಎಂದು ಅದರ ಅರ್ಥವಲ್ಲ.

ಅದರ ಅರ್ಥ ತಿಳಿಯಲು ಘಟಪ್ರಭಾ ಕಾಲುವೆಯ ಬದಿಯ ಕಬ್ಬಿನ ಹೊಲ ಸಾಕು. ಈ ಸೀಮೆಯ ರೈತರಿಗೆ ಚೆನ್ನಾಗಿ ಗೊತ್ತಿರುವ ತಳಿ ಸಿಒ 86032. ಕಬ್ಬನ್ನು ಯಾರೂ ಬೀಜದಿಂದ ಬೆಳೆಯುವುದಿಲ್ಲ, ತುಂಡು ಕತ್ತರಿಸಿ ನೆಡುತ್ತಾರೆ. ಅಂದರೆ ಇಡೀ ಹೊಲದ ಕಬ್ಬು ಒಂದಕ್ಕೊಂದು ಅವಳಿ. ಆ ಹೊಲದಲ್ಲಿ ಒಂದು ಕಡೆ ಆಳೆತ್ತರ, ಇನ್ನೊಂದು ಕಡೆ ಮೊಣಕಾಲೆತ್ತರ ಬೆಳೆದಿದ್ದರೆ ಅದಕ್ಕೆ ತಳಿ ಕಾರಣವಲ್ಲ. ನೀರು ಹಾಯದಿರುವುದೋ ಗೊಬ್ಬರ ಬೀಳದಿರುವುದೋ ಕಾರಣ. ಆ ಹೊಲದ ಮಟ್ಟಿಗೆ ಏರುಪೇರಿನಲ್ಲಿ ವಂಶದ ಪಾಲು ಸೊನ್ನೆ. ಈಗ ಪಕ್ಕದ ಹೊಲದಲ್ಲಿ ನಾಲ್ಕಾರು ಮನೆಯ ಜೋಳದ ಬೀಜ ಕಲಸಿ ಬಿತ್ತಿ, ಎಲ್ಲ ಸಾಲಿಗೂ ಅಳೆದು ಅಷ್ಟೇ ನೀರು ಕೊಟ್ಟರೆ? ಅಲ್ಲಿನ ಏರುಪೇರೆಲ್ಲ ಬಹುಪಾಲು ಬೀಜದ್ದು. ಕಬ್ಬಿಗೂ ವಂಶವಿದೆ, ಜೋಳಕ್ಕೂ ನೀರು ಬೇಕು. ಆದರೆ "ವಂಶದ ಪಾಲು ಎಷ್ಟು" ಎಂಬ ಲೆಕ್ಕ ಬೆಳೆಯ ಗುಣವನ್ನಲ್ಲ, ಆ ಹೊಲದ ಸ್ಥಿತಿಯನ್ನು ಹೇಳುತ್ತದೆ. ಹೊಲ ಬದಲಾದರೆ ಲೆಕ್ಕವೂ ಬದಲು.

ಏರುಪೇರನ್ನು ಹೀಗೆ ಪಾಲು ಮಾಡುವ ವಿದ್ಯೆ ಬೆಳೆದದ್ದೂ ಹೊಲದ ಬದಿಯಲ್ಲೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಗೊಬ್ಬರದ ಪ್ರಯೋಗಗಳನ್ನು ಲೆಕ್ಕ ಹಾಕುತ್ತ ಅದನ್ನು ಕಟ್ಟಿ ನಿಲ್ಲಿಸಿದವರು ರೊನಾಲ್ಡ್ ಫಿಶರ್. ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಮತ್ತೆ ಮತ್ತೆ ಬಂದುಹೋಗುತ್ತಿದ್ದವರು. ಇವತ್ತಿಗೂ ಕೃಷಿ ವಿದ್ಯಾರ್ಥಿಗಳು ತಾಕುಗಳ ಇಳುವರಿ ಹೋಲಿಸುವುದು ಅವರ ಸೂತ್ರದಿಂದಲೇ. ಅಂತಹ ತಲೆಯೇ ತಂಬಾಕಿನ ವಿಷಯದಲ್ಲಿ ಎಡವಿತು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು 1950ರಿಂದಲೇ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಪುರಾವೆ ಕೂಡಿಸುತ್ತಿದ್ದಾಗ ಫಿಶರ್ ಅಡ್ಡ ನಿಂತರು. ಒಂದೇ ವಂಶವಾಹಿ ಮನುಷ್ಯನನ್ನು ಸಿಗರೇಟಿನತ್ತಲೂ ಎಳೆಯುತ್ತಿರಬಹುದು, ಕ್ಯಾನ್ಸರನ್ನೂ ತರುತ್ತಿರಬಹುದು, ಹೊಗೆ ನಿರಪರಾಧಿ ಇರಬಹುದು ಎಂಬುದು 1957-58ರಲ್ಲಿ ಅವರು ಮಂಡಿಸಿದ ವಾದ. ತದ್ರೂಪಿ ಅವಳಿಗಳು ಸೇದುವ ಅಭ್ಯಾಸದಲ್ಲೂ ಒಬ್ಬರಂತೆ ಒಬ್ಬರಿರುವುದನ್ನು ಪುರಾವೆಯಾಗಿ ತೋರಿಸಿದರು. ಅವರು ಪೈಪ್ ಸೇದುತ್ತಿದ್ದರು, ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು.

"ರಕ್ತದಾಗ ಬಂದೈತಿ, ಬಿಡ್ರಿ" ಎಂಬ ಮಾತನ್ನು ಸೂಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಹೇಳಿದರೆ ಹೀಗಿರುತ್ತದೆ.

ಫಿಶರ್ 1962ರಲ್ಲಿ ತೀರಿಕೊಂಡರು. 1989ರಲ್ಲಿ ಫಿನ್ಲೆಂಡಿನ ಸಂಶೋಧಕರು ಅವರ ವಾದವನ್ನು ಅವರದೇ ಅಸ್ತ್ರದಿಂದ ಒರೆಗೆ ಹಚ್ಚಿದರು. ಒಬ್ಬ ಸೇದುವ, ಇನ್ನೊಬ್ಬ ಸೇದದ ಅವಳಿ ಜೋಡಿಗಳನ್ನು ಹಿಡಿದು ವರ್ಷಗಟ್ಟಲೆ ಲೆಕ್ಕ ಇಟ್ಟರು. ತದ್ರೂಪಿಗಳಲ್ಲೂ ಮೊದಲು ಹೋದವರು ಹೆಚ್ಚಾಗಿ ಸೇದುವವರೇ. 2008ರಲ್ಲಿ ಕಥೆ ಇನ್ನೊಂದು ತಿರುವು ಪಡೆಯಿತು. ಮೂರು ತಂಡಗಳು ಬೇರೆಬೇರೆಯಾಗಿ ಹುಡುಕಿ, ಶ್ವಾಸಕೋಶದ ಕ್ಯಾನ್ಸರಿಗೂ ನಂಟಿರುವ ವಂಶವಾಹಿಯ ಒಂದು ಜಾಗವನ್ನು 15ನೆಯ ಕ್ರೋಮೊಸೋಮಿನಲ್ಲಿ ಕಂಡವು. ಮೇಲೆ ಹೇಳಿದ ಸಿಎಚ್‌ಆರ್‌ಎನ್‌ಎ5 ಇರುವ ಜಾಗವೇ ಅದು. ಫಿಶರ್ ಊಹಿಸಿದಂತಹ ಜೀನು ಕೊನೆಗೂ ಸಿಕ್ಕಿತ್ತು! ಆದರೆ ಅದು ಮಾಡುವುದು ಮುಖ್ಯವಾಗಿ ಒಂದೇ ಕೆಲಸ, ಸೇದುವವನನ್ನು ಇನ್ನೂ ಹೆಚ್ಚು, ಇನ್ನೂ ಆಳವಾಗಿ ಸೇದಿಸುವುದು. ಎಂದೂ ಬೀಡಿ ಮುಟ್ಟದವರಲ್ಲಿ ಅದೇ ಜೀನು ಹೆಚ್ಚುಕಡಿಮೆ ತೆಪ್ಪಗಿರುತ್ತದೆ.

ತೆಪ್ಪಗಿರುವ ಜೀನುಗಳನ್ನು ನೋಡಬೇಕೆಂದರೆ ಹೆಣ್ಣುಮಕ್ಕಳನ್ನು ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವ ಗಂಡಸರು ನೂರಕ್ಕೆ ಸುಮಾರು 19, ಹೆಂಗಸರು ಸುಮಾರು 1. ಅಣ್ಣ ತಂಗಿ ಇಬ್ಬರಿಗೂ ಅದೇ ಅಪ್ಪ ಅವ್ವನ ಜೀನುಗಳು, ಅದೇ ಮನೆಯ ರೊಟ್ಟಿ. ಆದರೂ ಒಬ್ಬ ಸಂಜೆ ವೈನ್‌ಶಾಪಿನ ಸಾಲಿನಲ್ಲಿ, ಇನ್ನೊಬ್ಬಳು ಅವನಿಗಾಗಿ ಬಾಗಿಲು ಕಾಯುತ್ತ. ಮನೆತನದ ಅಂಕೆ, ಊರಿನ ಕಣ್ಣು, ಕೈಯಲ್ಲಿ ಕಾಸಿಲ್ಲದಿರುವುದು ಎಲ್ಲ ಸೇರಿ ಅವಳ ಜೀನುಗಳನ್ನು ಕಟ್ಟಿಹಾಕಿವೆ. ಇದು ಸಂಭ್ರಮಿಸುವ ವಿಷಯವೆಂದಲ್ಲ, ಅದೇ ಅಂಕೆ ಅವಳ ಇನ್ನೆಷ್ಟೋ ಆಸೆಗಳನ್ನೂ ಕಟ್ಟಿಹಾಕಿದೆ. ಎಲ್ಲಿ ಅಂಕೆ ಸಡಿಲವೋ ಅಲ್ಲಿ ನೋಡಿ. ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವುದನ್ನು ಬೆಳಗಾವಿ ಸೀಮೆಯಲ್ಲಿ ಯಾರೂ ಚಟವೆಂದು ಕರೆಯುವುದಿಲ್ಲ, ಹಲ್ಲುಪುಡಿ ಎನ್ನುತ್ತಾರೆ. ಅಜ್ಜಿಯರ ಮಿಶ್ರಿ ಡಬ್ಬಿ ಬೆಳಗ್ಗೆ ಒಮ್ಮೆ ತೆರೆದದ್ದು ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಮತ್ತೆ ಮತ್ತೆ ತೆರೆಯುತ್ತದೆ. ಹಲ್ಲು ಅಷ್ಟು ಸಲ ಹೊಲಸಾಗುವುದಿಲ್ಲ. ನಿಕೋಟಿನ್ ಇಳಿದಿರುತ್ತದೆ.

ಸ್ವೀಡನ್ನಿನಲ್ಲಿ ಇದಕ್ಕೆ ಸರಿಯಾದ ಲೆಕ್ಕವೇ ಇದೆ. 2000ದಲ್ಲಿ ಕೆನ್ನೆತ್ ಕೆಂಡ್ಲರ್ ಮತ್ತು ಸಂಗಡಿಗರು ಅಲ್ಲಿನ ಅವಳಿಗಳ ತಂಬಾಕು ಬಳಕೆಯನ್ನು ಹುಟ್ಟಿದ ವರ್ಷದ ಪ್ರಕಾರ ಬಿಡಿಸಿ ನೋಡಿದರು. ಗಂಡಸರಲ್ಲಿ ವಂಶದ ಪಾಲು ಎಲ್ಲ ಕಾಲದಲ್ಲೂ ದೊಡ್ಡದು. 1925ಕ್ಕಿಂತ ಮೊದಲು ಹುಟ್ಟಿದ ಹೆಂಗಸರಲ್ಲಿ ವಂಶದ ಪ್ರಭಾವವೇ ಕಾಣಲಿಲ್ಲ. 1940ರ ನಂತರ ಹುಟ್ಟಿದವರಲ್ಲಿ ಅದು ನೂರಕ್ಕೆ ಅರವತ್ತು ದಾಟಿತ್ತು. ಸ್ವೀಡನ್ನಿನ ಹೆಂಗಸರ ಜೀನು ಅಷ್ಟರಲ್ಲಿ ಬದಲಾಗಲಿಲ್ಲ, ಬದಲಾದದ್ದು ಹೆಣ್ಣು ಸಿಗರೇಟು ಹಿಡಿದರೆ ಹುಬ್ಬೇರಿಸುತ್ತಿದ್ದ ಸಮಾಜ. ಕಬ್ಬಿನ ಹೊಲ ಜೋಳದ ಹೊಲವಾಯಿತು.

ನಮ್ಮ ಕಡೆ ಇದು ತಿರುಗಿಯೂ ನಡೆದಿದೆ. ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ 2009-10ಕ್ಕೆ ಕರ್ನಾಟಕದ ನೂರರಲ್ಲಿ 28 ಮಂದಿ ತಂಬಾಕು ಬಳಸುತ್ತಿದ್ದರು, 2016-17ಕ್ಕೆ ಸುಮಾರು 23. ಏಳು ವರ್ಷದಲ್ಲಿ ಕನ್ನಡಿಗರ ರಕ್ತವೇನೂ ಬದಲಾಗಿರಲಿಲ್ಲ.

ಇನ್ನು ಕುಡಿತ. ಅಪ್ಪ ಕುಡಿಯುವುದನ್ನು ಕಂಡು ಮಗ ಕಲಿಯುತ್ತಾನೋ, ಕಾಣದಿದ್ದರೂ ಕುಡಿಯುತ್ತಾನೋ? ಇದನ್ನು ಬೇರ್ಪಡಿಸಿ ನೋಡಲು ಡೊನಾಲ್ಡ್ ಗುಡ್ವಿನ್ ಎಂಬ ಅಮೆರಿಕದ ಮನೋವೈದ್ಯರು ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ತೆರೆದರು. ಹುಟ್ಟಿದ ಆರು ವಾರದೊಳಗೆ ಬೇರೆ ಮನೆಗೆ ದತ್ತು ಹೋದ, ಹೆತ್ತವರಲ್ಲಿ ಒಬ್ಬರು ಕುಡುಕರಾಗಿದ್ದ 55 ಗಂಡಸರಲ್ಲಿ 10 ಮಂದಿ ತಾವೂ ಕುಡಿತದ ಚಟಕ್ಕೆ ಬಿದ್ದಿದ್ದರು. ಹೆತ್ತವರಿಗೆ ಆ ಚಟವಿಲ್ಲದ 78 ದತ್ತುಮಕ್ಕಳಲ್ಲಿ ಬಿದ್ದವರು 4. 1973ರಲ್ಲಿ ಬಂದ ಈ ಅಂಕಿಗಳು ಚಹಾದಂಗಡಿಯ ಮಾತಿಗೆ ಬಲ ಕೊಟ್ಟವು. ಹತ್ತು ಜನ ಬಿದ್ದದ್ದನ್ನು ಎಲ್ಲರೂ ಬರೆಯುತ್ತಾರೆ. ಅದೇ ರಕ್ತ ಹೊತ್ತ 45 ಜನ ಬೀಳಲಿಲ್ಲ ಎಂಬುದೂ ಅದೇ ಕಾಗದದಲ್ಲಿದೆ.

ಕುಡಿತದಲ್ಲಿ ಅತ್ಯಂತ ಬಲವಾದ ಜೀನು ಕುಡಿಸುವ ಜೀನಲ್ಲ, ಕುಡಿಯಲು ಬಿಡದ ಜೀನು. ಮದ್ಯ ಹೊಟ್ಟೆಗೆ ಹೋದ ಮೇಲೆ ಒಂದು ಕಿಣ್ವ ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿಸುತ್ತದೆ. ಎರಡನೆಯ ಕಿಣ್ವ ಆ ವಿಷವನ್ನು ಮುರಿದು ಅಪಾಯವಿಲ್ಲದಂತೆ ಮಾಡುತ್ತದೆ. ಚೀನಾ, ಜಪಾನ್, ಕೊರಿಯಾದ ಬಹಳಷ್ಟು ಜನರಲ್ಲಿ ಈ ಎರಡನೆಯ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಜಗತ್ತಿನಲ್ಲಿ ಇಂಥವರು ಸುಮಾರು 54 ಕೋಟಿ ಎಂಬ ಅಂದಾಜಿದೆ. ಅವರು ಅರ್ಧ ಗ್ಲಾಸು ಬಿಯರ್ ಕುಡಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಕರಿಕೆ ಬಂದು ಗ್ಲಾಸು ಕೆಳಗಿಡುತ್ತಾರೆ. ಕಡುಕುಡುಕರಾಗುವುದು ಅಂಥವರಲ್ಲಿ ಅಪರೂಪ. ನಮ್ಮ ಕಡೆ ಈ ಬಗೆಯ ಜೀನು ತೀರಾ ವಿರಳ. ಪ್ರಕೃತಿ ಕೊಟ್ಟ ಆ ಬೇಲಿ ಬೆಳಗಾವಿಯವರಿಗೆ ಸಿಕ್ಕಿಲ್ಲ.

ಸಿಗದವರಿಗೆ ಅದನ್ನು ಮಾತ್ರೆಯಲ್ಲಿ ಕೊಡಲು ಬರುತ್ತದೆ. 1947ರ ಸುಮಾರಿಗೆ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕಬ್ಸನ್ ಎಂಬ ಇಬ್ಬರು ಜಂತುಹುಳಕ್ಕೆ ಔಷಧಿಯಾದೀತೇ ಎಂದು ಡೈಸಲ್ಫಿರಾಮ್ ಎಂಬ ವಸ್ತುವನ್ನು ಪರೀಕ್ಷಿಸುತ್ತ ತಾವೇ ನುಂಗಿ ನೋಡಿದರು. ಏನೂ ಆಗಲಿಲ್ಲ. ಊಟದ ಜೊತೆ ಎಂದಿನಂತೆ ಕುಡಿದಾಗ ಮಾತ್ರ ಮುಖ ಕೆಂಪೇರಿ, ತಲೆ ಸಿಡಿದು, ಹೊಟ್ಟೆ ತೊಳಸಿತು. ಆ ವಸ್ತು ಎರಡನೆಯ ಕಿಣ್ವವನ್ನು ಕಟ್ಟಿಹಾಕಿತ್ತು, ಅಂದರೆ ಜಪಾನಿನವರ ಜೀನನ್ನು ತಾತ್ಕಾಲಿಕವಾಗಿ ಎರವಲು ಕೊಟ್ಟಿತ್ತು. ಇವತ್ತಿಗೂ ಅದು ಕುಡಿತ ಬಿಡಿಸುವ ಮಾತ್ರೆ, ಆದರೆ ಒಂದು ಕರಾರಿದೆ. ನುಂಗುವವನಿಗೆ ಅದು ಗೊತ್ತಿರಬೇಕು, ಒಪ್ಪಿಗೆಯಿರಬೇಕು. ಅವನಿಗೆ ತಿಳಿಯದಂತೆ ಸಾರಿನಲ್ಲೋ ಮಜ್ಜಿಗೆಯಲ್ಲೋ ಪುಡಿ ಬೆರೆಸುವ ಉಪಾಯ ಹೇಳಿಕೊಡುವವರು ಎಲ್ಲ ಕಡೆ ಇದ್ದಾರೆ. ತಿಳಿಯದೆ ಅದರ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಹೆಂಡತಿಯ ಸಂಕಟ ಎಷ್ಟೇ ನಿಜವಾದರೂ ಈ ಉಪಾಯ ಬೇಡ.

ಕುಡಿಯುವ ಮೊದಲೇ ಜೀನು ತನ್ನ ಗುರುತು ತೋರಿಸುತ್ತದೆಯೇ ಎಂಬುದನ್ನು ಕರ್ನಾಟಕದಲ್ಲೇ ಹುಡುಕಿದವರಿದ್ದಾರೆ. ಟಕ್, ಟಕ್, ಟಕ್ ಎಂದು ಒಂದೇ ಸದ್ದು ಬರುತ್ತಿರುವಾಗ ನಡುವೆ ಟಿಂಗ್ ಎಂದು ಬೇರೆ ಸದ್ದು ಬಂದರೆ ಮೆದುಳು ಬೆಚ್ಚುತ್ತದೆ. ಸೆಕೆಂಡಿನ ಹತ್ತನೇ ಮೂರು ಭಾಗದಷ್ಟು ಹೊತ್ತಿಗೆ ತಲೆಗೆ ಅಂಟಿಸಿದ ತಂತಿಗಳಲ್ಲಿ ಒಂದು ಅಲೆ ಏಳುತ್ತದೆ, ಅದಕ್ಕೆ ಪಿ300 ಎಂದು ಹೆಸರು. 1984ರಲ್ಲಿ ನ್ಯೂಯಾರ್ಕಿನ ಹೆನ್ರಿ ಬೆಗ್ಲೀಟರ್, ಕುಡುಕ ತಂದೆಯರ 7ರಿಂದ 13 ವರ್ಷದ ಗಂಡುಮಕ್ಕಳಲ್ಲಿ ಈ ಅಲೆ ತಗ್ಗಾಗಿರುವುದನ್ನು ತೋರಿಸಿದರು. ಹನಿ ಮದ್ಯ ಮುಟ್ಟದ ಮಕ್ಕಳು ಅವರು. 1995ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್, ಸಂಜೀವ್ ಜೈನ್, ಸುಬ್ಬುಕೃಷ್ಣ ಮತ್ತು ಎಸ್.ಎಂ. ಚನ್ನಬಸವಣ್ಣ ಅವರು ಇಲ್ಲಿನ ಕುಡುಕರ ರಕ್ತಸಂಬಂಧಿ ಗಂಡಸರಲ್ಲಿ ಅದೇ ಅಲೆಯನ್ನು ಅಳೆದರು. ವಂಶದ ಅಪಾಯ ಹೆಚ್ಚಿದಂತೆ ಅಲೆ ತಗ್ಗುತ್ತ ಹೋಗಿತ್ತು.

ಅಲೆ ತಗ್ಗಿದ್ದರೆ ಏನು ನಷ್ಟ? ಮೆದುಳಿಗೆ ಎಳೆದು ನಿಲ್ಲಿಸುವ ಲಗಾಮು ಕೊಂಚ ಸಡಿಲ ಎಂಬುದು ಆ ಸಂಶೋಧಕರ ಓದು. ಇಂಥ ಹುಡುಗರಲ್ಲಿ ಚಡಪಡಿಕೆ, ಮುಂಗೋಪ, ತಾಳ್ಮೆಗೇಡಿತನ ಹೆಚ್ಚು. ಮಾಸ್ತರರ ಬಾಯಲ್ಲಿ "ಉಡಾಳ" ಅನ್ನಿಸಿಕೊಳ್ಳುವ ಹುಡುಗ. ವಂಶದಿಂದ ಬರುವುದು ಕುಡಿತವಲ್ಲ, ಈ ಉಡಾಳತನ. ಅದು ಕುಸ್ತಿ ಕಣಕ್ಕೆ ಹೋಗುತ್ತದೋ, ಕಬಡ್ಡಿ ಅಂಗಳಕ್ಕೋ, ಬಾರಿಗೋ ಎಂಬುದನ್ನು ಊರು ತೀರ್ಮಾನಿಸುತ್ತದೆ. ಲಗಾಮು ಬಲಿಯಲು ಇಪ್ಪತ್ತು ದಾಟಬೇಕು, ಹಾಗಾಗಿ ಮೊದಲ ಗುಟುಕು ಎಷ್ಟು ತಡವೋ ಅಷ್ಟು ಕ್ಷೇಮ. ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆಯನ್ನು 2024ರಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ್ದನ್ನು ಈ ಬೆಳಕಿನಲ್ಲಿ ನೋಡಿದರೆ ಆ ಮೂರು ವರ್ಷ ಕಾಗದದ ಮೇಲಿನ ಅಂಕಿಯಷ್ಟೇ ಅಲ್ಲ ಅನ್ನಿಸುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ಬೆಂಗಳೂರು, ಮೈಸೂರು, ರಿಷಿ ವ್ಯಾಲಿ, ಕೋಲ್ಕತ್ತ, ಚಂಡೀಗಢ, ಇಂಫಾಲ್ ಕಡೆಯ 6ರಿಂದ 23 ವರ್ಷದ ಸಾವಿರಾರು ಮಕ್ಕಳನ್ನು, ಯುವಕರನ್ನು ಬೆನ್ನುಹತ್ತಿ ನೋಡುವ ಸಿ-ವೇದ ಎಂಬ ಅಧ್ಯಯನವೂ ನಡೆದಿದೆ. ಯುರೋಪಿನವರ ಲೆಕ್ಕವನ್ನು ಎರವಲು ತರುವ ಬದಲು ಇಲ್ಲಿನ ಮಕ್ಕಳ ಜೀನು, ಮೆದುಳು, ಮನೆ, ಊಟ ಎಲ್ಲವನ್ನೂ ಒಟ್ಟಿಗೆ ಅಳೆಯುವುದು ಅದರ ಹೆಚ್ಚುಗಾರಿಕೆ.

ಊರು ತೀರ್ಮಾನಿಸುತ್ತದೆ ಎಂದರೆ ಈ ಸೀಮೆಯ ಮಟ್ಟಿಗೆ ಅದು ಬರೀ ಮಾತಲ್ಲ. ಹುಕ್ಕೇರಿ ದಾಟಿ ಹೆದ್ದಾರಿ ಹಿಡಿದರೆ ನಿಪ್ಪಾಣಿ, ಬೀಡಿ ತಂಬಾಕಿಗೆ ದೇಶಕ್ಕೇ ಹೆಸರಾದ ಪೇಟೆ. 1981ರಲ್ಲಿ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ತಂಬಾಕಿನ ದರಕ್ಕಾಗಿ ರೈತರು ಅಲ್ಲಿ ಹೆದ್ದಾರಿ ಹಿಡಿದು ಕುಳಿತದ್ದು, ಗೋಲಿಬಾರಿನಲ್ಲಿ ರೈತರು ಸತ್ತದ್ದು ಹಳಬರಿಗೆ ನೆನಪಿದೆ. ಇತ್ತ ಗೋಕಾಕ, ಮೂಡಲಗಿಯಲ್ಲಿ ಕಬ್ಬು. ಕಬ್ಬಿನಿಂದ ಸಕ್ಕರೆ, ಸಕ್ಕರೆಯಿಂದ ಉಳಿದ ಕಾಕಂಬಿ, ಕಾಕಂಬಿಯಿಂದ ಸ್ಪಿರಿಟ್. ಈಚೆಗೆ ಅದರಲ್ಲಿ ಒಂದು ಪಾಲು ಎಥೆನಾಲ್ ಆಗಿ ಪೆಟ್ರೋಲಿಗೆ ಸೇರುತ್ತಿದೆ, ಹೀಗಾಗಿ ಈಗ ಬೈಕೂ ಕುಡಿಯುತ್ತದೆ. ಎರಡೂ ಚಟಗಳ ಕಚ್ಚಾಮಾಲು ಇಲ್ಲಿನ ಮಣ್ಣಲ್ಲೇ ಬೆಳೆಯುತ್ತದೆ, ಇಲ್ಲಿನ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಪಾಕೀಟಿನ ಜಾಗಕ್ಕೆ ಕಡಿಮೆ ದರದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ರಕ್ತದ ಮೇಲೆ ಹೊರೆ ಹೊರಿಸುವವರು ಈ ಹೊಲ, ಈ ಅಂಗಡಿಗಳ ಕಡೆ ನೋಡುವುದು ಕಡಿಮೆ.

ನೋಡಿದವರಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳೂ ಒಬ್ಬರು. 1975ರಲ್ಲಿ ಅವರು ಜೋಳಿಗೆ ಹಿಡಿದು ಓಣಿ ಓಣಿ ಹೊರಟರು. ದವಸ ಬೇಡ, ದುಡ್ಡು ಬೇಡ, ನಿಮ್ಮ ಚಟ ಹಾಕಿರಿ ಎಂದರು. ಬೀಡಿ ಕಟ್ಟು, ತಂಬಾಕಿನ ಚೀಲ ಜೋಳಿಗೆಗೆ ಬಿದ್ದವು. ಮಹಾಂತ ಜೋಳಿಗೆ ಎಂದೇ ಅದು ಹೆಸರಾಯಿತು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಹತ್ತು ಜನರ ಎದುರು, ಸ್ವಾಮಿಗಳ ಕೈಗೆ, ಆಣೆಯಿಟ್ಟು ಕೊಟ್ಟದ್ದನ್ನು ಮರುದಿನ ಅಂಗಡಿಯಲ್ಲಿ ಕೇಳಲು ನಾಚಿಕೆಯಾಗುತ್ತದೆ. ಆ ನಾಚಿಕೆಯೂ ಒಂದು ಔಷಧಿಯೇ. ಎಲ್ಲರಿಗೂ ಸಾಲುವುದಿಲ್ಲ ಎಂಬುದೂ ಅಷ್ಟೇ ನಿಜ. ಜೋಳಿಗೆಗೆ ಚೀಲ ಹಾಕಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಶುರುಮಾಡಿದವನನ್ನು ಊರು ಮಾತಿಗೆ ತಪ್ಪಿದವನೆಂದು ಹಳಿಯುತ್ತದೆ. ಅವನ ಪಿತ್ತಜನಕಾಂಗ ಚುರುಕಾಗಿರಬಹುದು, ಅವನ "ಸಾಕು" ಎನ್ನುವ ದನಿ ಸಣ್ಣದಿರಬಹುದು. ಅಂಥವನಿಗೆ ಆಣೆಯ ಜೊತೆಗೆ ಮಾತ್ರೆಯೂ ಬೇಕು, ವೈದ್ಯರೂ ಬೇಕು. ತಂಬಾಕು ಬಿಡುವವರಿಗಾಗಿ 1800-11-2356 ಎಂಬ ಉಚಿತ ದೂರವಾಣಿ ಇದೆ, ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ. ಜೀನಿನ ತಿಳಿವಳಿಕೆಯಿಂದ ಸದ್ಯಕ್ಕೆ ಆಗಬಹುದಾದ ದೊಡ್ಡ ಉಪಕಾರ ಇದೇ ಇರಬೇಕು. ಎರಡನೇ ಸಲ ಸೋತವನನ್ನು ಮೂರನೇ ಸಲ ಕಳಿಸಿಕೊಡುವುದು.

ಇನ್ನು ರಕ್ತದ ಮಾತು ಅತ್ಯಂತ ಗಂಭೀರವಾಗಿ ನಡೆಯುವ ಜಾಗ ಒಂದಿದೆ, ವರ ನೋಡುವ ಮನೆ. ಹುಡುಗಿಯ ಕಡೆಯ ಹಿರಿಯರು ಅವಲಕ್ಕಿ ತಿಂದು, ಚಹಾ ಕುಡಿದು, ಹೊಲ ಎಷ್ಟು ಎಕರೆ, ನೀರಾವರಿ ಎಷ್ಟು ಎಂದು ಕೇಳಿದ ಮೇಲೆ ಯಾರಾದರೊಬ್ಬರು ಹೊರಗೆ ಬಂದು ನೆರೆಮನೆಯವರ ಕಿವಿಯಲ್ಲಿ ಕೇಳಿಯೇ ಕೇಳುತ್ತಾರೆ: "ಕಾಕಾ, ಹುಡುಗಗ ಏನರ ಚಟ ಅದಾವೇನ್ರಿ? ಅವರಪ್ಪ ಹೆಂಗದಾನ್ರಿ?" ಅಪ್ಪ ಕುಡಿಯುತ್ತಾನೆಂದು ಗೊತ್ತಾದರೆ ನೆಂಟಸ್ತನ ಅಲ್ಲಿಗೇ ನಿಲ್ಲುವುದುಂಟು. ಹುಟ್ಟುವ ಮಕ್ಕಳ ಲೆಕ್ಕದಲ್ಲಿ ಇದು ಅರ್ಧ ವಿಚಾರಣೆ. ಮಗುವಿನ ಜೀನುಗಳಲ್ಲಿ ಅರ್ಧ ತಾಯಿಯವು, ಆ ಅರ್ಧದಲ್ಲಿ ತಾಯಿಯ ಅಪ್ಪನ ಪಾಲೂ ಇದೆ. ಅವನು ಇಪ್ಪತ್ತು ವರ್ಷ ಕುಡಿದು ಕೆಟ್ಟವನಾಗಿದ್ದು, ಮಗಳು ಒಂದು ಹನಿಯನ್ನೂ ಮುಟ್ಟದೆ ಬೆಳೆದಿದ್ದರೂ ಆ ಪಾಲು ಅವಳ ಜೊತೆ ಬರುತ್ತದೆ. ಅವಳಲ್ಲಿ ಮಲಗಿದ್ದದ್ದು ಮಗನಲ್ಲಿ ಏಳಬಹುದು, ಏಳದೆಯೂ ಇರಬಹುದು. ಎದ್ದ ದಿನ ಚಹಾದಂಗಡಿಯವರು ಹುಡುಗನ ಅಪ್ಪನ ಕಡೆ ನೋಡಿ, ಆತ ಎಂದೂ ಕುಡಿದವನಲ್ಲವೆಂದು ನೆನಪಾಗಿ, "ಇದ್ಯಾರ ರಕ್ತಪಾ ಇವಂದು?" ಎಂದು ಬೆರಗಾಗುತ್ತಾರೆ. ಹುಡುಗಿಯ ಅಪ್ಪನ ಗ್ಲಾಸಿನ ಬಗ್ಗೆ ಆ ದಿನ ಯಾರೂ ಕೇಳಿರಲಿಲ್ಲ.